ನೀರು ಇಬ್ಭಾಗವಾಗುವ ನೆತ್ತಿ

ಬೆಲ್ಚರ್ ಕೊಳ್ಳದ ಸೇತುವೆ ಜುಲೈ ತಿಂಗಳ ನೆರೆಯಲ್ಲಿ ಕೊಚ್ಚಿಹೋಯಿತು. ಮರುವರ್ಷದ ಮಾರ್ಚ್ ಬಂದರೂ ಅದು ಯಾರ ಸೇತುವೆ ಎಂಬುದು ಇತ್ಯರ್ಥವಾಗಿರಲಿಲ್ಲ. ಲ್ಯಾಂಡ್ರಮ್ ಕೌಂಟಿಯವರು, ಆ ಕೊಳ್ಳವೇ ನಮ್ಮ ಸರಹದ್ದಿನಲ್ಲಿಲ್ಲ, ಹಳೆಯ ಕಾಯಿದೆಯಂತೆ ಅದು ಕ್ರೀಚ್ ಕೌಂಟಿಗೆ ಸೇರಿದ್ದು, ಅವರೇ ಕಟ್ಟಿಸಲಿ ಎಂದರು. ಕ್ರೀಚಿನವರು, ನೂರು ವರ್ಷದಿಂದ ಆ ರಸ್ತೆಗೆ ಜಲ್ಲಿ ಸುರಿದವರು, ಅಲ್ಲಿಯ ಮಕ್ಕಳನ್ನು ಶಾಲೆಗೆ ಒಯ್ದವರು, ಅಲ್ಲಿಯ ಓಟು ಎಣಿಸಿದವರು ನೀವು, ಇವತ್ತು ಇದ್ದಕ್ಕಿದ್ದಂತೆ ನಮ್ಮ ಕೊರಳಿಗೆ ಕಟ್ಟುತ್ತೀರಾ ಎಂದರು. ಕೊನೆಗೆ ನ್ಯಾಯಾಲಯ ಎರಡು ಕೌಂಟಿಗಳ ನಡುವಿನ ಗಡಿ ಎಲ್ಲಿದೆ ಎಂದು ತೀರ್ಮಾನಿಸಲು ಮೂವರು ಕಮಿಷನರುಗಳನ್ನು ನೇಮಿಸಿತು. ಅವರು ಸಾಕ್ಷಿ ಕೇಳುವುದು ಜೂನಿನಲ್ಲಿ ಎಂದು ಗೊತ್ತಾಯಿತು. ಅಲ್ಲಿಯವರೆಗೆ ಕೊಳ್ಳದಲ್ಲಿ ಉಳಿದಿದ್ದ ನಾಲ್ಕು ಮನೆಯವರು, ತೊರೆಯ ನೀರು ಇಳಿದಾಗ ಕಲ್ಲುಗಳ ಮೇಲೆ ಪಿಕಪ್ಪು ಹಾಯಿಸುತ್ತ, ನೀರು ಏರಿದಾಗ ಬಾಗಿಲು ಹಾಕಿಕೊಂಡು ಕೂರುತ್ತ ದಿನ ದೂಡುತ್ತಿದ್ದರು.

ಆ ನಾಲ್ಕು ಮನೆಗಳಲ್ಲಿ ಒಂದು ಡೆಲ್ಫಿಯಾ ಸೈಜ್‌ಮೋರಳದು. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು. ಮದುವೆಯಾಗಿರಲಿಲ್ಲ. ಮನೆಯಲ್ಲಿ ಅಣ್ಣ ಓಡೆಲ್ ಇದ್ದ. ಇಪ್ಪತ್ತಾರು ವರ್ಷ ಕಲ್ಲಿದ್ದಲ ಗಣಿಯಲ್ಲಿ ಉಸಿರಾಡಿ ಅವನ ಶ್ವಾಸಕೋಶ ಕರಿಕಲ್ಲಾಗಿತ್ತು. ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಕುರ್ಚಿಯಲ್ಲಿ ಕೂತೇ ಇರುತ್ತಿದ್ದ. ಪ್ರತಿ ಮಂಗಳವಾರ ಆಮ್ಲಜನಕದ ಸಿಲಿಂಡರ್ ತರುವ ವ್ಯಾನು ಈಗ ತೊರೆ ದಾಟುತ್ತಿರಲಿಲ್ಲ. ಡ್ರೈವರು ಸಿಲಿಂಡರುಗಳನ್ನು ಆಚೆ ದಡದಲ್ಲಿ ಇಳಿಸಿ ಹಾರ್ನ್ ಹೊಡೆದು ಹೋಗುತ್ತಿದ್ದ. ಅರವತ್ತೆರಡರ ಡೆಲ್ಫಿಯಾ ರಬ್ಬರ್ ಬೂಟು ಹಾಕಿಕೊಂಡು, ಒಂಟಿಚಕ್ರದ ಕೈಗಾಡಿ ತಳ್ಳಿಕೊಂಡು ಹೋಗಿ ತರುತ್ತಿದ್ದಳು.

ಮಾರ್ಚಿನ ಒಂದು ಬೆಳಿಗ್ಗೆ ಅವಳು ಅದೇ ಬೂಟಿನಲ್ಲಿ ಪಟ್ಟಣಕ್ಕೆ ಬಂದು ವರ್ಲಿನ್ ಕಿಲ್ಗೋರನ ಮನೆಯ ಬಾಗಿಲು ಬಡಿದಳು.

ವರ್ಲಿನ್ ಎಪ್ಪತ್ತರ ವಿಧುರ. ನಲವತ್ತು ವರ್ಷ ಕೆಂಟಕಿಯ ಈ ಮೂಡಣ ಬೆಟ್ಟಗಳಲ್ಲಿ ಸರಪಳಿ ಎಳೆದು ಮೋಜಣಿ ಮಾಡಿದವನು. ಲ್ಯಾಂಡ್ರಮಿನ ಅರ್ಧ ಬೇಲಿಗಳು ಅವನು ತೋರಿಸಿದ ಜಾಗದಲ್ಲೇ ನಿಂತಿದ್ದವು. ಕಿಲ್ಗೋರ್ ಕಲ್ಲು ನೆಟ್ಟ ಮೇಲೆ ಹಂದಿ ಕೂಡ ಆಚೆ ಕಾಲಿಡುವುದಿಲ್ಲ ಎಂದು ಜನ ಹೇಳುತ್ತಿದ್ದರು. ಅಣ್ಣತಮ್ಮಂದಿರ ಜಗಳಗಳು ಅವನ ಒಂದು ಮಾತಿಗೆ ತಣ್ಣಗಾಗಿದ್ದವು. ಅದು ಅವನ ಆಸ್ತಿ. ಬೇರೆ ಹೇಳಿಕೊಳ್ಳುವಂಥದ್ದು ಏನೂ ಅವನಲ್ಲಿರಲಿಲ್ಲ.

"ಕಾಫಿ ಕುಡೀತೀಯಾ?" ಎಂದ.

"ನಿನ್ನ ಕಾಫಿ ನಂಗೊತ್ತು. ರಸ್ತೆಗೆ ಹಾಕೋಕೆ ಲಾಯಕ್ಕು. ಒಂದು ಲೋಟ ಕೊಡು."

ಅವಳು ಮೇಜಿನ ಮೇಲೆ ಒಂದು ಕಾಗದ ಬಿಡಿಸಿಟ್ಟಳು. ಕೋರ್ಟಿನ ಗುಮಾಸ್ತೆ ಮಾಡಿಕೊಟ್ಟ ಪ್ರತಿ. 1858ರಲ್ಲಿ ಲ್ಯಾಂಡ್ರಮ್ ಕೌಂಟಿಯನ್ನು ಹುಟ್ಟಿಸಿದ ಕಾಯಿದೆ.

"ನಮ್ಮ ಭಾಷೇಲೇ ಬರ್ದಿದಾರೆ, ಆದ್ರೂ ಒಂದಕ್ಷರ ತಲೆಗೆ ಹೋಗ್ಲಿಲ್ಲ. ನೀನು ಓದು."

ವರ್ಲಿನ್ ಕನ್ನಡಕ ಏರಿಸಿ ಓದಿದ: "ಬೆಲ್ಚರ್ ತೊರೆಯ ಬಾಯಲ್ಲಿರುವ ಮೂರು ಬೀಚ್ ಮರಗಳಿಂದ ಹೊರಟು, ಬಡಗಲಾಗಿ ಪಿಸ್ಗಾ ಗುಡ್ಡದ ನೆತ್ತಿಗೆ ಏರಿ, ಅಲ್ಲಿಂದ ಮುಂದಕ್ಕೆ ನೀರು ಇಬ್ಭಾಗವಾಗುವ ನೆತ್ತಿಯನ್ನೇ ಹಿಡಿದು, ಅದರ ಎಲ್ಲ ಅಂಕುಡೊಂಕುಗಳ ಸಹಿತ ಸಾಗಿ, ನೆತ್ತಿಯು ಕವಲೊಡೆದಲ್ಲಿ ಎತ್ತರದ ಕವಲನ್ನು ಅನುಸರಿಸಿ..."

"ಮೂರು ಬೀಚ್ ಮರ ನಮ್ಮ ತಾತ ಕಡಿದ," ಎಂದಳು ಡೆಲ್ಫಿಯಾ. "ಸೌದೆಗೆ."

"ಮರ ಹೋದ್ರೂ ಚಿಂತೆಯಿಲ್ಲ, ತೊರೆ ಬಾಯಿ ಅಲ್ಲೇ ಇದೆ. ತೊಡಕಿರೋದು ಇಲ್ಲಿ." ವರ್ಲಿನ್ ಮೇಜಿನ ಮೇಲೆ ಎಡಗೈಯ ಎರಡು ಬೆರಳು ಅಗಲಿಸಿ ಇಟ್ಟ. "ಮಳೆನೀರು ಎರಡು ಕಡೆಗೂ ಇಳಿಯೋ ಈ ಗುಡ್ಡದ ನೆತ್ತಿ ಇಲ್ಲಿಗೆ ಬಂದು ಪ್ಯಾಂಟಿನ ಥರ ಎರಡು ಕಾಲಾಗುತ್ತೆ. ಮಧ್ಯದಲ್ಲಿ ನಿಮ್ಮ ಕೊಳ್ಳ. ಪಡುವಣ ಕಾಲು ಎತ್ತರ ಅಂದ್ರೆ ಗಡಿ ಆಚೆ ಹೋಗುತ್ತೆ, ನೀವು ಲ್ಯಾಂಡ್ರಮಿಗೆ. ಮೂಡಣದ್ದು ಎತ್ತರ ಅಂದ್ರೆ ಗಡಿ ಈಚೆ ಬರುತ್ತೆ, ನೀವು ಕ್ರೀಚಿಗೆ."

"ಎತ್ತರ ಯಾವ್ದು?"

"ಅದೇ ಪ್ರಶ್ನೆ."

"ಇಷ್ಟೇನಾ? ಹೋಗಿ ಅಳೆದ್ರಾಯ್ತು. ನಿಂಗೆ ಮಂಡಿ ನೋವಿದ್ರೆ ನಾನು ಕೋಲು ಹಿಡೀತೀನಿ."

"ಏನನ್ನ ಅಳೆಯೋದು ಡೆಲ್ಫಿಯಾ? ಗುಡ್ಡ ಎಲ್ಲಿದೆ?"

ಗುಡ್ಡ ಇರಲಿಲ್ಲ. ಎಂಬತ್ತರ ದಶಕದಲ್ಲಿ ಕಲ್ಲಿದ್ದಲ ಕಂಪನಿಯವರು ಪಿಸ್ಗಾದ ತಲೆಯನ್ನು ಸಿಡಿಮದ್ದಿಟ್ಟು ಹಾರಿಸಿ, ಕಲ್ಲಿದ್ದಲು ಬಗೆದುಕೊಂಡು, ಮಣ್ಣು ಕಲ್ಲುಗಳನ್ನು ಪಕ್ಕದ ತಗ್ಗುಗಳಿಗೆ ತಳ್ಳಿ, ಮೇಲೆ ಹುಲ್ಲಿನ ಬೀಜ ಎರಚಿ ಹೋಗಿದ್ದರು. ಕಲ್ಲಿದ್ದಲು ಇದ್ದಷ್ಟು ದಿನ ಎರಡೂ ಕೌಂಟಿಗಳು ಗುಡ್ಡ ನಮ್ಮದು ನಮ್ಮದು ಎಂದು ಕಿತ್ತಾಡಿ, ಕೊನೆಗೆ ತೆರಿಗೆಯನ್ನು ಅರ್ಧರ್ಧ ಹಂಚಿಕೊಂಡು ಬಾಯಿ ಮುಚ್ಚಿದ್ದವು. ಗಡಿ ಮಾತ್ರ ತೀರ್ಮಾನವಾಗದೆ ಉಳಿಯಿತು. ಈಗ ಇರುವುದು ರಾಜ್ಯದ 1911ರ ನಕ್ಷೆಯೊಂದೇ. ಅದು ಗಡಿಯನ್ನು ಮೂಡಣ ಕವಲಿನ ಮೇಲೆ ಎಳೆದಿತ್ತು. ಅದನ್ನು ಬರೆದವನು ಗುಡ್ಡ ಹತ್ತಲೇ ಇಲ್ಲ, ರೈಲಿನ ಕಿಟಕಿಯಿಂದ ನೋಡಿ ಬರೆದ ಎಂದು ಊರವರೆಲ್ಲ ಹಾಸ್ಯ ಮಾಡುತ್ತಿದ್ದರು. ಆದರೆ ಬೇರೆ ಸಾಕ್ಷಿ ಇಲ್ಲದಿದ್ದರೆ ಕಮಿಷನರುಗಳು ಅದನ್ನೇ ಹಿಡಿಯುವುದು ಖಂಡಿತ.

"ಕ್ರೀಚಿಗೆ ಹೋದ್ರೆ ಏನಾಗುತ್ತೆ ಗೊತ್ತಾ?" ಎಂದಳು ಡೆಲ್ಫಿಯಾ. "ಅವರ ಆಂಬುಲೆನ್ಸು ಬೆಟ್ಟ ಸುತ್ತಿ ಬರ್ಬೇಕು. ಒಂದೂವರೆ ಗಂಟೆ. ಓಡೆಲ್‌ಗೆ ಹತ್ತು ನಿಮಿಷ ತಾಳೋ ಶಕ್ತಿ ಇಲ್ಲ. ನೀನು ಕಂಪನಿಗೆ ಸರ್ವೆ ಮಾಡಿದ್ಯಲ್ಲ, ಗುಡ್ಡ ಒಡೆಯೋಕೆ ಮುಂಚೆ? ಅದರ ಪುಸ್ತಕ ಗಿಸ್ತಕ ಇಲ್ವಾ?"

ವರ್ಲಿನ್ ಲೋಟದೊಳಗೆ ನೋಡಿದ. "ಇರಬಹುದು. ಹುಡುಕ್ಬೇಕು," ಎಂದ.

ಹುಡುಕಬೇಕಾಗಿರಲಿಲ್ಲ. ನೆಲಮಾಳಿಗೆಯ ಎರಡನೆಯ ಕಪಾಟಿನಲ್ಲಿ, ವರ್ಷದ ಪ್ರಕಾರ ಜೋಡಿಸಿದ ಕಿತ್ತಳೆ ರಟ್ಟಿನ ಪುಸ್ತಕಗಳ ಸಾಲಿನಲ್ಲಿ ಅದು ಎಲ್ಲಿದೆ ಎಂದು ಅವನಿಗೆ ಕಣ್ಣು ಮುಚ್ಚಿಯೂ ಗೊತ್ತಿತ್ತು. ಅವಳು ಹೋದ ಮೇಲೆ ಇಳಿದು ತೆಗೆದ. ಅಕ್ಟೋಬರ್ 1979. ಪೆನ್ಸಿಲಿನ ಅಂಕಿಗಳು ಸ್ವಲ್ಪವೂ ಮಾಸಿರಲಿಲ್ಲ. ಪಡುವಣ ಕವಲು, 2114 ಅಡಿ. ಮೂಡಣ ಕವಲು, 2103 ಅಡಿ.

ಮೊದಲನೆಯದು ಅಳೆದದ್ದು. ಎರಡನೆಯದು ಅಳೆಯದ್ದು.

ಅವನಿಗೆ ಆಗ ಇಪ್ಪತ್ತಾರು. ಮೂರು ದಿನದಿಂದ ಮಂಜು ಮುಸುಕಿತ್ತು. ಜೊತೆಯಲ್ಲಿ ಸರಪಳಿ ಹಿಡಿಯುತ್ತಿದ್ದವನು ಜ್ವರ ಬಂದು ಮಲಗಿದ್ದ. ಶುಕ್ರವಾರ ಸಂಜೆಯೊಳಗೆ ಲೆಕ್ಕ ಬೇಕು ಎಂದು ಕಂಪನಿಯವರು ಹೇಳಿಕಳಿಸಿದ್ದರು. ಹೇಗಿದ್ದರೂ ಎರಡೂ ಕವಲುಗಳನ್ನು ಸಿಡಿಸುವವರು, ಅವುಗಳ ಎತ್ತರ ಕಟ್ಟಿಕೊಂಡು ಯಾರಿಗೇನು ಎಂದುಕೊಂಡ. ಪಡುವಣ ಕವಲಿನ ತುದಿಯಲ್ಲಿ ನಿಂತು, ಮಂಜು ಒಂದು ಗಳಿಗೆ ಹರಿದಾಗ ಆಚೆ ಕವಲಿನ ಕಡೆ ನೋಡಿ, ತನಗಿಂತ ಕೊಂಚ ತಗ್ಗಿದೆ ಎನಿಸಿ, 2103 ಎಂದು ಬರೆದ. ಅಂದಾಜು ಎಂದು ಪಕ್ಕದಲ್ಲಿ ಬರೆಯಬೇಕಿತ್ತು. ಬರೆಯಲಿಲ್ಲ. ನಲವತ್ತು ವರ್ಷದ ಕೆಲಸದಲ್ಲಿ ಅವನು ಅಳೆಯದೆ ಬರೆದ ಅಂಕಿ ಅದೊಂದೇ. ಅದಕ್ಕೇ ಮರೆತಿರಲಿಲ್ಲ.

ಏಪ್ರಿಲಿನಲ್ಲಿ ಡೆಲ್ಫಿಯಾಳನ್ನು ಕೂರಿಸಿಕೊಂಡು ಹಳೆಯ ಗಣಿ ರಸ್ತೆಯಲ್ಲಿ ಪಿಸ್ಗಾ ಇದ್ದಲ್ಲಿಗೆ ಹೋದ. ಏನಾದರೂ ಗುರುತು ಉಳಿದಿರಬಹುದು, ಒಂದು ಬಂಡೆ, ಒಂದು ಹಳೆಯ ಗಡಿಕಲ್ಲು, ಯಾವುದಾದರೊಂದು ಸಿಕ್ಕರೆ ತಾನು ಸುಳ್ಳು ಹೇಳಬೇಕಾಗಿಲ್ಲ ಎಂದು ಆಸೆಪಟ್ಟಿದ್ದ. ಅಲ್ಲಿ ಬಟಾಬಯಲು. ಒರಟು ಹುಲ್ಲು, ಕುಳ್ಳು ಪೊದೆಗಳು, ಮೈಲಿಗಟ್ಟಲೆ ಗಾಳಿ. ಉಪಕರಣ ನಿಲ್ಲಿಸಿ, ಉಪಗ್ರಹದಿಂದ ಅಂಕಿ ತೆಗೆದು, ಪುಸ್ತಕದ ಜೊತೆ ಹೊಂದಿಸಿ ನೋಡಿದ.

"ಎಲ್ಲಿದೆ ಗಡಿ?" ಎಂದಳು ಡೆಲ್ಫಿಯಾ, ತಲೆಗೆ ಕಟ್ಟಿದ ಬಟ್ಟೆ ಬಿಗಿಮಾಡಿಕೊಳ್ಳುತ್ತ.

ವರ್ಲಿನ್ ಕತ್ತೆತ್ತಿ ಬೆರಳು ತೋರಿಸಿದ. "ಆ ಹದ್ದು ಸುತ್ತುತ್ತಿದೆಯಲ್ಲ, ಹೆಚ್ಚು ಕಡಿಮೆ ಅದರ ಹೊಟ್ಟೆ ಕೆಳಗೆ. ನಮ್ಮ ತಲೆಯಿಂದ ಇನ್ನೂರ ಎಂಬತ್ತು ಅಡಿ ಮೇಲೆ."

"ಹಾಗಿದ್ರೆ ಗಡಿ ಕಾಯೋಕೆ ಹದ್ದನ್ನೇ ನೇಮಿಸ್ಲಿ. ನಮ್ಮ ಕೌಂಟಿ ನಡೆಸೋ ಜಡ್ಜ್ ಟ್ಯಾಕೆಟ್‌ಗಿಂತ ಚೆನ್ನಾಗಿ ಕೆಲ್ಸ ಮಾಡುತ್ತೆ." ಅವಳು ನಕ್ಕಳು. ಆಮೇಲೆ ಹುಲ್ಲಿನ ಮೇಲೆ ಕೂತು, ಹುರಿದ ಮಾಂಸ ಇಟ್ಟ ಬ್ರೆಡ್ಡಿನ ಪೊಟ್ಟಣ ಬಿಚ್ಚಿ ಅವನಿಗೆ ಅರ್ಧ ಕೊಟ್ಟಳು. "ಪುಸ್ತಕ ಸಿಕ್ತಾ?"

"ಸಿಕ್ತು."

"ಏನು ಹೇಳುತ್ತೆ?"

"ಪಡುವಣದ್ದು ಎತ್ತರ ಅನ್ನುತ್ತೆ. ಹನ್ನೊಂದು ಅಡಿ."

ಅವಳು ಬ್ರೆಡ್ಡನ್ನು ಮಡಿಲಲ್ಲಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿದ್ದವು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ವರ್ಲಿನನಿಗೆ ತಿಳಿಯಲಿಲ್ಲ. ಆ ಹೊತ್ತಿನಲ್ಲೇ ನಿಜ ಹೇಳಿಬಿಡಬೇಕಿತ್ತು. ಬಾಯಲ್ಲಿ ತುತ್ತಿತ್ತು. ಅದನ್ನು ನುಂಗುವಷ್ಟರಲ್ಲಿ ಅವಳು ಕಣ್ಣೊರೆಸಿಕೊಂಡು, "ಓಡೆಲ್‌ಗೆ ಹೇಳ್ಬೇಕು, ನಡಿ ನಡಿ," ಎಂದು ಎದ್ದಿದ್ದಳು.

ಕಮಿಷನರುಗಳು ಲ್ಯಾಂಡ್ರಮಿನ ಕೋರ್ಟು ಕಟ್ಟಡದ ಮೇಲ್ಮಹಡಿಯಲ್ಲಿ ಕೂತರು. ಮೂವರೂ ಬೇರೆ ಕೌಂಟಿಗಳಿಂದ ಬಂದ ವಯಸ್ಸಾದ ಗಂಡಸರು. ಕಿಟಕಿಯ ತಂಪುಯಂತ್ರ ಗೊರಗುಟ್ಟುತ್ತಿತ್ತು. ಲ್ಯಾಂಡ್ರಮ್ ಕೌಂಟಿಯ ಪರವಾಗಿ ವಾದಿಸಿದವಳು ಮಿಸ್ ಪ್ರೇಟರ್ ಎಂಬ ಮೂವತ್ತರ ವಕೀಲೆ. ವರ್ಲಿನ್ ಅವಳ ತಂದೆಯ ಹೊಲದ ಮೋಜಣಿ ಮಾಡಿದ್ದ. ತನ್ನದೇ ಕೌಂಟಿಯ ಜನರನ್ನು ತನ್ನವರಲ್ಲ ಎಂದು ಸಾಧಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು. ಆ ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡಿದಳು.

ಮೊದಲು ಡೆಲ್ಫಿಯಾಳನ್ನು ಕರೆದರು.

"ನಮ್ಮಪ್ಪ, ನಮ್ಮಜ್ಜ ಎಲ್ಲ ಇಲ್ಲೇ ಓಟು ಹಾಕಿದ್ದು. ನಾನೂ ಹದಿನೆಂಟರಿಂದ ಇಲ್ಲೇ ಹಾಕಿದೀನಿ," ಎಂದಳು ಅವಳು.

"ಗೊತ್ತು ಮೇಡಮ್," ಎಂದಳು ಮಿಸ್ ಪ್ರೇಟರ್. "ಆದ್ರೆ ತಪ್ಪು ಜಾಗದಲ್ಲಿ ಓಟು ಹಾಕಿದ ಮಾತ್ರಕ್ಕೆ ಗಡಿ ಸರಿಯಲ್ಲ. ಗಡಿ ಸರಿಸೋ ಅಧಿಕಾರ ಶಾಸನಸಭೆಗೆ ಮಾತ್ರ."

"ಹಾಗಾದ್ರೆ ನಲವತ್ತನಾಲ್ಕು ವರ್ಷ ನಾನು ಹಾಕಿದ ಓಟು ವಾಪಸ್ ಕೊಡಿ. ಅದ್ರಲ್ಲಿ ಅರ್ಧ ಜಡ್ಜ್ ಟ್ಯಾಕೆಟ್‌ಗೇ ಹಾಕಿದ್ದು."

ಹಿಂದಿನ ಬೆಂಚುಗಳಲ್ಲಿ ಜನ ಗೊಳ್ಳೆಂದರು. ಕೌಂಟಿಯ ಆಡಳಿತ ನಡೆಸುವ ಜಡ್ಜ್ ಟ್ಯಾಕೆಟ್ ಮೊದಲ ಸಾಲಿನಲ್ಲಿ ಕೂತು ತನ್ನ ಬೂಟು ನೋಡಿಕೊಂಡ.

ವರ್ಲಿನನ ಸರದಿ ಬಂತು. ಬಲಗೈ ಎತ್ತಿ ಪ್ರಮಾಣ ಮಾಡಿದ. ಪುಸ್ತಕ ಕಮಿಷನರುಗಳ ಕೈಯಿಂದ ಕೈಗೆ ಹೋಯಿತು. ಹಾಳೆಗಳ ಅಚ್ಚುಕಟ್ಟು ನೋಡಿ ಅವರಲ್ಲೊಬ್ಬ ಮೆಚ್ಚುಗೆಯಿಂದ ತಲೆಯಾಡಿಸಿದ.

"ಮಿಸ್ಟರ್ ಕಿಲ್ಗೋರ್," ಎಂದಳು ಮಿಸ್ ಪ್ರೇಟರ್, "ಪಡುವಣ ಕವಲಿಗೆ ಎಂಟು ಅಳತೆಗಳನ್ನ ಬರೆದಿದೀರಿ. ಮೂಡಣ ಕವಲಿಗೆ ಒಂದೇ ಅಂಕಿ ಇದೆ. ಯಾಕೆ?"

"ಮಂಜಿತ್ತು. ಹೆಚ್ಚು ಹೊತ್ತು ನಿಲ್ಲೋಕಾಗ್ಲಿಲ್ಲ."

"ಆದ್ರೆ ಹತ್ತಿದ್ರಾ? ನೀವೇ ಅದರ ಮೇಲೆ ನಿಂತು ಅಳೆದ್ರಾ?"

ವರ್ಲಿನ್ ಎದುರಿಗೆ ನೋಡಿದ. ಡೆಲ್ಫಿಯಾ ಮೂರನೆಯ ಬೆಂಚಿನಲ್ಲಿ, ಚರ್ಚಿಗೆ ಹೋಗುವ ನೀಲಿ ಉಡುಪಿನಲ್ಲಿ ಕೈಚೀಲ ಅವುಚಿಕೊಂಡು ಕೂತಿದ್ದಳು. ಪಕ್ಕದಲ್ಲಿ ಗಾಲಿ ಹಚ್ಚಿದ ಸಿಲಿಂಡರಿನ ಜೊತೆ ಓಡೆಲ್. ಅವನನ್ನು ಆ ದಿನ ಪಕ್ಕದ ಮನೆಯ ಇಬ್ಬರು ಎತ್ತಿಕೊಂಡು ತೊರೆ ದಾಟಿಸಿದ್ದರು. ಇಲ್ಲ, ಅಂದಾಜು ಬರೆದೆ ಎಂದರೆ ಪುಸ್ತಕ ಬರೀ ಕಾಗದ. 1911ರ ನಕ್ಷೆ ಗೆಲ್ಲುತ್ತದೆ. ಆಂಬುಲೆನ್ಸು ಬೆಟ್ಟ ಸುತ್ತಿ ಬರಬೇಕು.

"ಹತ್ತಿದ್ದೆ," ಎಂದ.

"ನಿಮಗೆ ನೆನಪಿದೆಯಾ?"

"ಇದೆ. ತುದೀಲಿ ಒಂದು ಒಣಗಿದ ಚೆಸ್ಟ್‌ನಟ್ ಮರದ ಬೊಡ್ಡೆ ಇತ್ತು. ಸಿಡಿಲು ಹೊಡೆದು ಸೀಳಿತ್ತು. ಅದಕ್ಕೆ ಒರಗಿ ನಿಂತು ಅಳೆದೆ."

ಯಾರೂ ಕೇಳದಿದ್ದರೂ ಬೊಡ್ಡೆಯ ಮಾತು ಬಾಯಿಂದ ಬಂದುಬಿಟ್ಟಿತ್ತು. ಹೇಳುತ್ತ ಹೇಳುತ್ತ ಆ ಬೊಡ್ಡೆ ಅವನ ಕಣ್ಣಿಗೂ ಕಂಡಿತು. ಮಿಸ್ ಪ್ರೇಟರ್ ಒಂದು ಕ್ಷಣ ಅವನನ್ನೇ ನೋಡಿ, "ನಿಮ್ಮ ಮಾತನ್ನ ಅನುಮಾನಿಸೋರು ಈ ಊರಲ್ಲಿ ಯಾರೂ ಇಲ್ಲ ಸರ್," ಎಂದು ಹೇಳಿ ಕೂತಳು.

ತೀರ್ಪು ಆಗಸ್ಟಿನಲ್ಲಿ ಬಂತು. ಗಡಿ ಪಡುವಣ ಕವಲಿನ ಮೇಲೆ ಹಾದುಹೋಗುತ್ತದೆ, ಬೆಲ್ಚರ್ ಕೊಳ್ಳ ನಿಸ್ಸಂದೇಹವಾಗಿ ಲ್ಯಾಂಡ್ರಮ್ ಕೌಂಟಿಗೆ ಸೇರಿದ್ದು. ಆ ಭಾನುವಾರ ಡೆಲ್ಫಿಯಾ ದೊಡ್ಡ ಪಾತ್ರೆಯಲ್ಲಿ ಹಂದಿಮಾಂಸ ಹಾಕಿ ಬೀನ್ಸ್ ಬೇಯಿಸಿ, ಮೆಕ್ಕೆಜೋಳದ ಬ್ರೆಡ್ಡು ಸುಟ್ಟು, ಒಣಸೇಬಿನ ಹೂರಣದ ಏಳು ಪದರದ ಕೇಕು ಮಾಡಿ ವರ್ಲಿನನನ್ನು ಕರೆದಳು. ನಾಲ್ಕೂ ಮನೆಯವರು ಬಂದಿದ್ದರು. ಪ್ರತಿಯೊಬ್ಬರೂ ಅವನ ಕೈ ಕುಲುಕಿದರು. ಒಬ್ಬ ಮುದುಕಿ ಅವನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

ಊಟವಾದ ಮೇಲೆ ಹೊರಗಿನ ಜಗಲಿಯಲ್ಲಿ ಓಡೆಲ್ ಒಬ್ಬನೇ ಸಿಕ್ಕ. ನಾಲ್ಕು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದ.

"ಆ ಚೆಸ್ಟ್‌ನಟ್ ಬೊಡ್ಡೆ," ಎಂದ. "ಚಿಕ್ಕವನಿದ್ದಾಗಿಂದ ಅಳಿಲು ಬೇಟೆಗೆ ಅಲ್ಲಿಗೇ ಹೋಗ್ತಿದ್ದೆ. ಅಲ್ಲಿ ಬೊಡ್ಡೆ ಇರ್ಲಿಲ್ಲ ವರ್ಲಿನ್. ಬೋಳು ಬಂಡೆ. ಹುಲ್ಲು ಕೂಡ ಬೆಳೀತಿರ್ಲಿಲ್ಲ."

ವರ್ಲಿನ್ ಜಗಲಿಯ ಅಂಚಿನಲ್ಲಿ ಕೂತ. ಆಮೇಲೆ ಮೆಲ್ಲಗೆ, "ಯಾವ್ದು ಎತ್ತರ ಇತ್ತು ಓಡೆಲ್?" ಎಂದು ಕೇಳಿದ.

ಓಡೆಲ್ ನಗಲು ಹೋಗಿ ಕೆಮ್ಮಿದ. "ಈ ಕಡೆ ಕೂತ್ರೆ ಆ ಕಡೇದು ಎತ್ತರ ಕಾಣ್ತಿತ್ತು. ಆ ಕಡೆ ಕೂತ್ರೆ ಈ ಕಡೇದು. ಬಿಡು. ಯಾರಿಗೂ ಹೇಳಲ್ಲ. ಸೇತುವೆ ಬಂದ್ರೆ ಸಾಕು."

ಸೇತುವೆ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಇಬ್ಬರು ಎಂಜಿನಿಯರುಗಳು ಬಂದು ತೊರೆಯ ಅಗಲ ಅಳೆದು ಹೋದರು. ಅಕ್ಟೋಬರಿನಲ್ಲಿ ಯಾರೂ ಬರಲಿಲ್ಲ. ನವೆಂಬರಿನ ಎರಡನೆಯ ಗುರುವಾರ ಜಡ್ಜ್ ಟ್ಯಾಕೆಟ್ ಮತ್ತು ಕೌಂಟಿಯ ಸದಸ್ಯರು ಸಭೆ ಸೇರಿ ಒಂದು ಆದೇಶ ಹೊರಡಿಸಿದರು. ನಾಲ್ಕೇ ಮನೆಗಳಿರುವ ಬೆಲ್ಚರ್ ಕೊಳ್ಳದ ರಸ್ತೆ ಇನ್ನು ಮುಂದೆ ಕೌಂಟಿಯ ರಸ್ತೆಯಲ್ಲ. ಅದರ ಮತ್ತು ಅದರ ಮೇಲಿನ ಯಾವುದೇ ಸೇತುವೆಯ ಹೊಣೆ ಕೌಂಟಿಗೆ ಇಲ್ಲ.

ವರ್ಲಿನ್ ಆ ಸಭೆಯಲ್ಲಿ ಹಿಂದೆ ಕೂತಿದ್ದ. ಎದ್ದು ನಿಂತು, "ಜಡ್ಜ್, ಇದು ಹೇಗೆ ಸಾಧ್ಯ? ಕೊಳ್ಳ ನಿಮ್ಮದು ಅಂತ ತೀರ್ಪಾಗಿದೆ," ಎಂದ.

"ಹೌದಪ್ಪಾ, ಅದಕ್ಕೇ ಸಾಧ್ಯವಾಯ್ತು," ಎಂದ ಟ್ಯಾಕೆಟ್. ಅವನ ದನಿಯಲ್ಲಿ ಕುಹಕವಿರಲಿಲ್ಲ, ದಣಿವಿತ್ತು. "ನಮ್ಮದಲ್ಲದ ರಸ್ತೇನ ನಾವು ಮುಚ್ಚೋಕಾಗಲ್ಲ. ಹೋದ ವರ್ಷ ಕೇಳಿದ್ರೆ ಆಗ್ತಿರ್ಲಿಲ್ಲ. ಈಗ ನಮ್ಮದು, ಅನುಮಾನವೇ ಇಲ್ಲ. ನೆರೆಯಲ್ಲಿ ಹೋದ ಸೇತುವೆ ಮೂವತ್ತೊಂದು. ಇಪ್ಪತ್ತು ಮನೆ ಇರೋ ಕಡೆ ಮೊದ್ಲು ಕಟ್ಬೇಕೋ, ನಾಲ್ಕು ಮನೆ ಇರೋ ಕಡೆನೋ? ನೀನೇ ಹೇಳು ವರ್ಲಿನ್."

ವರ್ಲಿನ್ ಬಾಗಿಲು ತಳ್ಳಿಕೊಂಡು ಹೊರಗೆ ಹೋದ.

ಕ್ರಿಸ್‌ಮಸ್ಸಿಗೆ ಮುಂಚೆ ಅವನು ಪೆಟ್ರೋಲ್ ಹಾಕಿಸುತ್ತಿದ್ದಾಗ ಕ್ರೀಚ್ ಕೌಂಟಿಯ ಜಡ್ಜ್ ಲಾನಿ ಕೋಲ್ ಪಕ್ಕದ ಪಂಪಿಗೆ ಬಂದ. ದಪ್ಪಗಿನ, ಮಾತುಗಾರ ಮನುಷ್ಯ.

"ಏನಪ್ಪಾ ಕಿಲ್ಗೋರ್, ನೀನು ನಮ್ಮನ್ನ ಬದುಕಿಸಿದೆ ಕಣೋ!" ಎಂದು ಬೆನ್ನು ತಟ್ಟಿದ. "ಆ ಕೊಳ್ಳ ನಮ್ಮ ಪಾಲಿಗೆ ಬರುತ್ತೆ ಅಂತ ನಮ್ಮ ವಕೀಲ ಖಂಡಿತವಾಗಿ ಹೇಳಿದ್ದ. ಒದ್ದಾಡಿಕೊಂಡು ನೆರೆ ಪರಿಹಾರದ ಪಟ್ಟೀಲಿ ಆ ಸೇತುವೇನೂ ಸೇರಿಸಿಬಿಟ್ಟಿದ್ವಿ. ಮಂಜೂರೂ ಆಗಿತ್ತು. ಆಂಬುಲೆನ್ಸಿಗೂ ನಿಮ್ಮ ಲ್ಯಾಂಡ್ರಮಿನವರ ಜೊತೆ ಒಪ್ಪಂದ ಮಾಡಿಕೊಳ್ಳೋಣ, ಹತ್ತಿರ ಇದ್ದವರು ಹೋಗ್ಲಿ ಅಂತಿದ್ವಿ. ತೀರ್ಪು ಬಂದ ಮೇಲೆ ಆ ಹಣ ಬೇರೆ ಸೇತುವೆಗೆ ಹಾಕಿದ್ವಿ. ಯಾಕೆ, ಹುಷಾರಿಲ್ವಾ? ಮುಖ ಬಿಳಿಚ್ಕೊಂಡಿದೆ."

"ಚಳಿ," ಎಂದ ವರ್ಲಿನ್. ಮನೆಗೆ ಹೋದ ಮೇಲೂ ಗಾಡಿಯಿಂದ ಇಳಿಯದೆ ಅರ್ಧ ಗಂಟೆ ಕೂತಿದ್ದ.

ಜನವರಿಯಲ್ಲಿ ನ್ಯಾಯಾಲಯಕ್ಕೆ ಪತ್ರ ಬರೆದ. ಮೂಡಣ ಕವಲನ್ನು ನಾನು ಹತ್ತಲಿಲ್ಲ, ಅಳೆಯಲಿಲ್ಲ, ಪ್ರಮಾಣ ಮಾಡಿ ಸುಳ್ಳು ಹೇಳಿದೆ, ತೀರ್ಪನ್ನು ಮತ್ತೆ ನೋಡಿ, ನನಗೆ ಏನು ಶಿಕ್ಷೆಯೋ ಕೊಡಿ. ಎರಡು ವಾರದ ಮೇಲೆ ಗುಮಾಸ್ತೆಯ ಉತ್ತರ ಬಂತು. ಪತ್ರವನ್ನು ಕಡತಕ್ಕೆ ಸೇರಿಸಲಾಗಿದೆ, ಮೇಲ್ಮನವಿಯ ಅವಧಿ ಮುಗಿದಿದೆ, ಎರಡೂ ಕೌಂಟಿಗಳು ತೀರ್ಪನ್ನು ಒಪ್ಪಿವೆ. ಮಿಸ್ ಪ್ರೇಟರಳನ್ನು ಹುಡುಕಿಕೊಂಡು ಹೋದ. ಅವಳು ಬಾಗಿಲು ಮುಚ್ಚಿ ಕೂರಿಸಿ, "ಯಾರೂ ನಿಮ್ಮ ಮೇಲೆ ಕೇಸು ಹಾಕಲ್ಲ ಸರ್. ಹಾಕಿದ್ರೂ ಗಡಿ ಕದಲಲ್ಲ. ಮನೆಗೆ ಹೋಗಿ," ಎಂದಳು. ಜೈಲಿಗಾದರೂ ಹೋಗಬಹುದು ಎಂದುಕೊಂಡಿದ್ದ. ಆ ದಾರಿಯೂ ಮುಚ್ಚಿತು.

ಫೆಬ್ರವರಿಯ ಮೊದಲ ವಾರ ಹಿಮ ಬಿದ್ದು, ಮೇಲೆ ಮಳೆ ಸುರಿದು, ತೊರೆ ನಾಲ್ಕು ದಿನ ಕೆಂಪಗೆ ಉಕ್ಕಿ ಹರಿಯಿತು. ಕರೆಂಟು ಹೋಯಿತು. ಗಾಳಿಯಿಂದ ಆಮ್ಲಜನಕ ತೆಗೆಯುವ ಮನೆಯ ಯಂತ್ರ ನಿಂತ ಮೇಲೆ ಓಡೆಲ್ ಮನೆಯಲ್ಲಿ ಉಳಿದಿದ್ದ ಸಿಲಿಂಡರುಗಳಿಂದ ಉಸಿರಾಡಿದ, ಅವೂ ಮುಗಿಯುತ್ತ ಬಂದವು. ಮಂಗಳವಾರ ಬಂದ ಆರು ಸಿಲಿಂಡರುಗಳು ಆಚೆ ದಡದ ಟಾರ್ಪಾಲಿನ ಕೆಳಗೆ ಕಣ್ಣಿಗೆ ಕಾಣುವಂತೆ ಇದ್ದವು. ಡೆಲ್ಫಿಯಾ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಎರಡು ಸಲ ನೀರಿಗಿಳಿದಳು. ಎರಡು ಸಲವೂ ಪಕ್ಕದ ಮನೆಯವರು ಅವಳನ್ನು ಹಿಂದಕ್ಕೆ ಎಳೆದುಕೊಂಡರು. ಆಂಬುಲೆನ್ಸು ಫೋನು ಮಾಡಿದ ಹದಿನೈದೇ ನಿಮಿಷಕ್ಕೆ ಲ್ಯಾಂಡ್ರಮಿನಿಂದ ಬಂದು ಆಚೆ ದಡದಲ್ಲಿ ನಿಂತಿತು. ಅದರ ಕೆಂಪು ದೀಪ ತಿರುಗುವುದು ಓಡೆಲ್‌ನ ಕುರ್ಚಿಯಿಂದ ಕಾಣುತ್ತಿತ್ತು. ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಅವನು ಸತ್ತ. ಶನಿವಾರ ನೀರು ಇಳಿಯಿತು.

ಮಣ್ಣು ಮಾಡಿದ ಮರುದಿನ ವರ್ಲಿನ್ ತೊರೆಯ ಕಲ್ಲುಗಳ ಮೇಲೆ ಕಾಲಿಡುತ್ತ ದಾಟಿ ಹೋದ. ಡೆಲ್ಫಿಯಾ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನೆರೆಹೊರೆಯವರು ಊಟ ತಂದುಕೊಟ್ಟ ಪಾತ್ರೆಗಳು. ಹಿಂದಿರುಗಿಸಬೇಕಾದವು.

"ಕೂತ್ಕೊ," ಎಂದಳು ತಿರುಗದೆ.

ಅವನು ಕೂರಲಿಲ್ಲ. "ಡೆಲ್ಫಿಯಾ, ನಾನು ಆ ಕವಲು ಹತ್ತಿರ್ಲಿಲ್ಲ. ಸುಳ್ಳು ಹೇಳ್ದೆ."

"ಗೊತ್ತು. ಓಡೆಲ್ ಕೋರ್ಟಲ್ಲೇ ಕಿವೀಲಿ ಹೇಳಿದ, ಅಲ್ಲಿ ಯಾವ ಬೊಡ್ಡೇನೂ ಇರ್ಲಿಲ್ಲ ಅಂತ. ಸುಮ್ನಿರು ಅಂತ ನಾನೇ ತೊಡೆ ಚಿವುಟಿದೆ." ಅವಳು ಒಂದು ತಟ್ಟೆಯನ್ನು ಬಟ್ಟೆಯಿಂದ ಒರೆಸಿ ಕೆಳಗಿಟ್ಟಳು. "ನಮಗೋಸ್ಕರ ಹೇಳಿದ್ದು. ಅದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ."

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತೇನೋ. ಆದರೆ ಅರ್ಧ ನಿಜ ಹೇಳಿ ಎದ್ದುಹೋಗುವುದು ಅವನಿಂದಾಗಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ಲಾನಿ ಕೋಲ್ ಹೇಳಿದ್ದನ್ನೆಲ್ಲ ಹೇಳಿದ. ಸೇತುವೆ ಪಟ್ಟಿಯಲ್ಲಿದ್ದದ್ದು, ಮಂಜೂರಾಗಿದ್ದದ್ದು, ಆಂಬುಲೆನ್ಸಿನ ಒಪ್ಪಂದ. ತಾನು ನಿಜ ಹೇಳಿದ್ದರೆ ಈ ಚಳಿಗಾಲದೊಳಗೆ ಸೇತುವೆ ಎದ್ದಿರುತ್ತಿತ್ತು ಎಂಬುದನ್ನೂ ಹೇಳಿದ.

ನಲ್ಲಿಯ ನೀರು ಹರಿಯುತ್ತಲೇ ಇತ್ತು. ಡೆಲ್ಫಿಯಾ ಕೈಗಳನ್ನು ನೀರಿನಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದಳು. ಎಷ್ಟೋ ಹೊತ್ತಿನ ಮೇಲೆ ನಲ್ಲಿ ನಿಲ್ಲಿಸಿದಳು.

"ಇದನ್ನ ಹೇಳ್ಬಾರ್ದಿತ್ತು ನೀನು," ಎಂದಳು. "ನಿಂಗೆ ಹಗುರ ಆಗ್ಲಿ ಅಂತ ತಂದು ನನ್ನ ಮೇಲೆ ಹಾಕ್ದೆ. ಹೋಗು ವರ್ಲಿನ್."

ಅವನು ಹೋದ.

ಏಪ್ರಿಲಿನಲ್ಲಿ ಡೆಲ್ಫಿಯಾ ಒಹಾಯೋದಲ್ಲಿದ್ದ ಸೋದರ ಸೊಸೆಯ ಮನೆಗೆ ಹೋದಳು. ಅವಳ ಹಾಸಿಗೆ, ಕುರ್ಚಿ, ಒಲೆಗಳನ್ನು ನೆರೆಯವರು ಕೈಯಲ್ಲಿ ಹೊತ್ತು ತೊರೆ ದಾಟಿಸಿ ಲಾರಿಗೆ ಹಾಕಿದರು. ವರ್ಲಿನನನ್ನು ಯಾರೂ ಕರೆಯಲಿಲ್ಲ. ಬೇಸಿಗೆ ಮುಗಿಯುವುದರೊಳಗೆ ಉಳಿದ ಮೂರು ಮನೆಯವರೂ ಹೊರಟರು. ಆ ವರ್ಷ ರಾಜ್ಯದವರು ಅಚ್ಚುಹಾಕಿಸಿದ ಹೊಸ ನಕ್ಷೆಯಲ್ಲಿ ಲ್ಯಾಂಡ್ರಮ್ ಕೌಂಟಿಯ ಗಡಿ ಪಡುವಣ ಕವಲು ಇದ್ದ ಜಾಗದ ಮೇಲೆ, ವರ್ಲಿನನ ಎಂಟು ಅಳತೆಗಳ ಪ್ರಕಾರ, ಕೂದಲೆಳೆಯಷ್ಟೂ ತಪ್ಪದೆ ಹಾದುಹೋಗಿತ್ತು. ಅದರ ಒಳಗಡೆ ಕೊಳ್ಳದ ರಸ್ತೆಯನ್ನು ಬರೆದಿರಲಿಲ್ಲ. ಕಿಲ್ಗೋರನ ಪುಸ್ತಕದ ಮೇಲೆ ಎಳೆದ ಗೆರೆ ಎಂದು ಮೋಜಣಿ ಇಲಾಖೆಯವರು ನಕ್ಷೆಯ ಒಂದು ಪ್ರತಿಯನ್ನು ಅವನಿಗೆ ಗೌರವದಿಂದ ಅಂಚೆಯಲ್ಲಿ ಕಳಿಸಿಕೊಟ್ಟರು.